ಚೇಗಿನ ಲೆಕ್ಕ: ಮೈಸೂರು ಸ್ಯಾಂಡಲ್ ಹೆಸರು ಗಳಿಸಿದ್ದು, ಉಳಿಸಿಕೊಂಡದ್ದು

1914ರಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾದ ಮೇಲೆ ಮೈಸೂರು ಸಂಸ್ಥಾನದ ಗಂಧದ ಕೋಠಿಗಳಲ್ಲಿ ಮರ ಹಾಗೇ ಉಳಿಯತೊಡಗಿತು. ಅಲ್ಲಿಯವರೆಗೆ ವ್ಯವಹಾರ ಸರಳವಾಗಿತ್ತು. ಶ್ರೀಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಅದು ಸಂಸ್ಥಾನದ ಸ್ವತ್ತು. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ ಕಟ್ಟಳೆ ಒಡೆಯರ ಕಾಲದಲ್ಲೂ ಮುಂದುವರಿದಿತ್ತು. ಅರಣ್ಯ ಇಲಾಖೆ ಮರ ಕೀಳಿಸಿ ಕೋಠಿಗೆ ತಂದು ಹರಾಜು ಹಾಕುತ್ತಿತ್ತು. ಕೊಂಡವರು ಬಹುಪಾಲನ್ನು ಹಡಗಿನಲ್ಲಿ ಜರ್ಮನಿಗೆ ಕಳಿಸುತ್ತಿದ್ದರು. ಎಣ್ಣೆ ತೆಗೆಯುವ ವಿದ್ಯೆ, ಯಂತ್ರ, ಗಿರಾಕಿ ಮೂರೂ ಅಲ್ಲಿಯೇ ಇದ್ದವು. ಶತ್ರು ದೇಶದ ಬಂದರಿಗೆ ಹಡಗು ಹೋಗುವುದು ನಿಂತ ದಿನ, ಸಂಸ್ಥಾನದ ಬೊಕ್ಕಸಕ್ಕೆ ವರ್ಷ ವರ್ಷ ಬರುತ್ತಿದ್ದ ದೊಡ್ಡದೊಂದು ಆದಾಯವೂ ನಿಂತಿತು.

ಕೋಠಿ ಎಂದರೇನೆಂದು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಗಂಧದ ಮರವನ್ನು ಬುಡಕ್ಕೆ ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಎಣ್ಣೆ ಹೆಚ್ಚಿರುವುದೇ ಬೇರಿನಲ್ಲಿ. ಕೋಠಿಗೆ ಬಂದ ಮರದ ತೊಗಟೆಯನ್ನೂ ಹೊರಗಿನ ಬಿಳಿಯ ಮರವನ್ನೂ ಕೆತ್ತಿ ತೆಗೆದರೆ ಒಳಗೆ ಹಳದಿ ಮಿಶ್ರಿತ ಕಂದು ಬಣ್ಣದ ಚೇಗು ಸಿಗುತ್ತದೆ. ಪರಿಮಳವಿರುವುದು ಚೇಗಿನಲ್ಲಿ ಮಾತ್ರ. ಆ ಚೇಗನ್ನು ದಪ್ಪ, ತೂಕ, ಬಿರುಕು, ಪೊಳ್ಳು ನೋಡಿ ಹತ್ತಕ್ಕೂ ಮೀರಿದ ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೊದಲ ದರ್ಜೆಯ ಗಟ್ಟಿ ತುಂಡಿಗೆ ವಿಲಾಯತ್ ಬುದ್ಧ್, ಅದರ ಕೆಳಗಿನದಕ್ಕೆ ಚೀನಾ ಬುದ್ಧ್, ಆಮೇಲೆ ಪಂಜಂ, ಘೋಟ್ಲಾ, ಬಗರದಾದ್, ಬೇರು, ಚಕ್ಕೆ, ಕೊನೆಗೆ ಗರಗಸದ ಪುಡಿ. ಪುಡಿಯನ್ನೂ ತೂಗಿ ಚೀಲಕ್ಕೆ ತುಂಬಿ ಮುದ್ರೆ ಹಾಕುತ್ತಾರೆ. ಒಂದು ಹಿಡಿ ಪುಡಿಗೂ ಲೆಕ್ಕ ಕೊಡಬೇಕಾದ ಶಿಸ್ತು ಈ ಉದ್ಯಮಕ್ಕೆ ಕಾರ್ಖಾನೆ ಕಟ್ಟುವ ಮೊದಲೇ ಇತ್ತು. ಮುಂದೆ ಮೈಸೂರು ಸ್ಯಾಂಡಲ್ ಎಂಬ ಹೆಸರು ನೂರು ವರ್ಷ ನಿಂತದ್ದಕ್ಕೆ ಮೊದಲ ಕಾರಣ ಈ ಕೋಠಿಯ ಶಿಸ್ತು ಎಂದೇ ನನ್ನ ನಂಬಿಕೆ.

ಮರ ಉಳಿದಾಗ ಸಂಸ್ಥಾನದ ಮುಂದೆ ಎರಡು ದಾರಿಗಳಿದ್ದವು. ಯುದ್ಧ ಮುಗಿಯುವವರೆಗೆ ಕಾಯುವುದು ಒಂದು. ಗಂಧದ ಚೇಗು ಹಾಳಾಗುವ ಸರಕಲ್ಲ, ಕಾದರೆ ನಷ್ಟ ದೊಡ್ಡದಾಗುತ್ತಿರಲಿಲ್ಲ. ಎಣ್ಣೆಯನ್ನು ತಾವೇ ತೆಗೆಯುವುದು ಇನ್ನೊಂದು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ಎಂ. ವಿಶ್ವೇಶ್ವರಯ್ಯ ಎರಡನೆಯದನ್ನು ಆರಿಸಿಕೊಂಡರು. ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ ಕೆಲಸವನ್ನು ಕೈಗೆತ್ತಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಸಡ್‌ಬರೊ ಮತ್ತು ವ್ಯಾಟ್ಸನ್ ಪ್ರಯೋಗಾಲಯದಲ್ಲಿ ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣದೊಂದು ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ದೊಡ್ಡದೊಂದು ಕಾರ್ಖಾನೆ ಶುರುವಾದವು. ವಿಜ್ಞಾನ ಸಂಸ್ಥೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿದ್ದೇ 1911ರಲ್ಲಿ. ಐದು ವರ್ಷದೊಳಗೆ ಅಲ್ಲಿನ ವಿದ್ಯೆ ನಾಡಿನ ಕೈಗಾರಿಕೆಯೊಂದಕ್ಕೆ ಜೀವ ಕೊಟ್ಟಿತು.

ಯಂತ್ರ ಕೂರಿಸುವುದಕ್ಕಿಂತ ಕಷ್ಟದ ಕೆಲಸ ಬೇರೊಂದಿತ್ತು. ಆ ಕಾಲದಲ್ಲಿ ಗಂಧದೆಣ್ಣೆ ಸುಗಂಧದ ವಸ್ತುವಷ್ಟೇ ಆಗಿರಲಿಲ್ಲ, ಔಷಧಿಯೂ ಆಗಿತ್ತು. ಬ್ರಿಟಿಷ್ ಫಾರ್ಮಕೋಪಿಯದಲ್ಲಿ ಅದಕ್ಕೆ ಅಳತೆಗಳು ನಿಗದಿಯಾಗಿದ್ದವು: ಸ್ಯಾಂಟಲಾಲ್ ಎಂಬ ಅಂಶ ಇಷ್ಟಿರಬೇಕು, ಸಾಂದ್ರತೆ ಇಷ್ಟಿರಬೇಕು ಎಂದು. ಲಂಡನ್ನಿನ ಔಷಧ ವ್ಯಾಪಾರಿಗೆ ಲೈಪ್‌ಜಿಗ್‌ನ ಕಂಪನಿಯ ಸೀಲು ಗೊತ್ತಿತ್ತು. ಮೈಸೂರು ಸರ್ಕಾರದ ಸೀಲು ಗೊತ್ತಿರಲಿಲ್ಲ. ದೇಶೀ ಸಂಸ್ಥಾನವೊಂದು ಕಳಿಸಿದ ಡಬ್ಬಿಯೊಳಗಿನ ಎಣ್ಣೆ ಅಪ್ಪಟವೆಂದು ಅವನು ಏಕೆ ನಂಬಬೇಕು? ಈ ಪ್ರಶ್ನೆಗೆ ಜಾಹೀರಾತಿನಿಂದ ಉತ್ತರ ಕೊಡಲಾಗದು. ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಅಳತೆಗೆ ಸರಿಹೊಂದಿ, ಒಂದು ಡಬ್ಬಿಯಂತೆಯೇ ಇನ್ನೊಂದು ಡಬ್ಬಿ ಹೋದಾಗ ಮಾತ್ರ ಉತ್ತರ ಸಿಗುತ್ತದೆ. ಮೈಸೂರಿನ ಎಣ್ಣೆ ಹಾಗೆ ಹೋಯಿತು. ಯುದ್ಧ ಮುಗಿದು ಜರ್ಮನಿಯ ದಾರಿ ತೆರೆದ ಮೇಲೂ ಸಂಸ್ಥಾನ ಮರವನ್ನು ಹಾಗೆಯೇ ಮಾರುವ ಹಳೆಯ ಪದ್ಧತಿಗೆ ಹಿಂತಿರುಗಲಿಲ್ಲ. ಲೋಕದ ಮಾರುಕಟ್ಟೆಯಲ್ಲಿ ‘ಮೈಸೂರು’ ಎಂಬುದು ಗಂಧದೆಣ್ಣೆಯ ದರ್ಜೆಯ ಹೆಸರೇ ಆಗಿಹೋಯಿತು.

ಸಾಬೂನು ಬಂದದ್ದು ಇದರ ಬೆನ್ನಿಗೆ. 1918ರಲ್ಲಿ ಮಹಾರಾಜರಿಗೆ ಉಡುಗೊರೆಯಾಗಿ ಬಂದ ಸಾಬೂನುಗಳಲ್ಲಿ ಗಂಧದೆಣ್ಣೆ ಇತ್ತು, ಅದನ್ನು ನೋಡಿ ನಾವೇ ಏಕೆ ಮಾಡಬಾರದು ಎಂಬ ಯೋಚನೆ ಬಂತು ಎಂದು ಮೈಸೂರು ಸ್ಯಾಂಡಲ್ ಸಂಸ್ಥೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಬೊಂಬಾಯಿಯಿಂದ ಪರಿಣತರನ್ನು ಕರೆಸಿ ಪ್ರಯೋಗ ನಡೆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನು ತಯಾರಿಕೆ ಕಲಿಯಲು ಇಂಗ್ಲೆಂಡಿಗೆ ಕಳಿಸಲಾಯಿತು. ಅವರು ಹಿಂತಿರುಗಿ ಬಂದು ಗಂಧದ ಸಾಬೂನಿನ ಪರಿಮಳವನ್ನು ಹದಗೊಳಿಸಿದರು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಸಾಬೂನು ಕಾರ್ಖಾನೆ ಮೊದಲಿದ್ದದ್ದು ಬೆಂಗಳೂರಿನ ಈಗಿನ ಕೆ.ಆರ್. ವೃತ್ತದ ಆಸುಪಾಸಿನಲ್ಲಿ, 1957ರಲ್ಲಿ ಅದು ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಹೋಯಿತು. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ತೆರೆಯಿತು.

ಆ ಸಾಬೂನನ್ನು ಮಾರಿದ ರೀತಿಯನ್ನು ಇಂದು ನೆನೆದರೂ ಸಂತೋಷವಾಗುತ್ತದೆ. ಎಲ್ಲರ ಸಾಬೂನೂ ಚೌಕವಾಗಿದ್ದಾಗ ಇದು ಮೊಟ್ಟೆಯಾಕಾರ ತಳೆಯಿತು. ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಡಬ್ಬಿ, ಅದರ ಮೇಲೆ ಹೂಬಳ್ಳಿ. ಆನೆಯ ತಲೆ, ಸಿಂಹದ ಮೈ ಇರುವ ಶರಭ ಸಂಸ್ಥೆಯ ಲಾಂಛನ. ‘ಶ್ರೀಗಂಧದ ತವರಿನಿಂದ’ ಎಂಬ ಸಾಲನ್ನು ಪ್ರತಿ ಡಬ್ಬಿಯ ಮೇಲೂ ಅಚ್ಚು ಹಾಕಿಸಿದರು. ಟ್ರಾಮ್ ಟಿಕೆಟ್ಟಿನ ಹಿಂದೆ, ಬೆಂಕಿಪೊಟ್ಟಣದ ಮೇಲೆ ಸಾಬೂನಿನ ಜಾಹೀರಾತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು. ಸರ್ಕಾರಿ ಕಾರ್ಖಾನೆ ಎಂದು ಕೈಕಟ್ಟಿ ಕೂರದೆ ಮಾರುಕಟ್ಟೆಯನ್ನು ಹುಡುಕಿಕೊಂಡು ಹೋದ ಉತ್ಸಾಹ ಅದು. ಆದರೂ ಆ ಎಲ್ಲ ಉತ್ಸಾಹ ನಿಂತದ್ದು ಒಂದೇ ಮಾತಿನ ಮೇಲೆ: ಇದರೊಳಗೆ ಇರುವುದು ನಿಜವಾದ ಗಂಧದೆಣ್ಣೆ.

ಆ ಮಾತನ್ನು ಉಳಿಸಿಕೊಳ್ಳುವುದು ಎಷ್ಟು ದುಬಾರಿ ಎಂದು ತಿಳಿಯಬೇಕಾದರೆ ಎಣ್ಣೆ ಬರುವ ಬಗೆಯನ್ನು ನೋಡಬೇಕು. ಚೇಗನ್ನು ಪುಡಿ ಮಾಡಿ, ಹಬೆಪಾತ್ರೆಗೆ ತುಂಬಿ, ಹಬೆ ಹಾಯಿಸುತ್ತಾರೆ. ಬೇರೆ ಸುಗಂಧ ತೈಲಗಳು ಕೆಲವೇ ಗಂಟೆಗಳಲ್ಲಿ ಬಿಟ್ಟುಬಂದರೆ ಗಂಧದೆಣ್ಣೆ ಬಿಡುವುದು ದಿನಗಟ್ಟಲೆ ಹಬೆ ಹಾಯಿಸಿದ ಮೇಲೆ. ಹಬೆ ತಣಿದು ನೀರಾದಾಗ ಎಣ್ಣೆ ಮೇಲೆ ತೇಲುತ್ತದೆ. ಅದು ನೀರಿಗಿಂತ ತೀರ ಅಲ್ಪ ಹಗುರವಾದ್ದರಿಂದ ಬೇರ್ಪಡುವುದೂ ನಿಧಾನ. ತಿಳಿ ಹಳದಿ ಬಣ್ಣದ, ಸ್ವಲ್ಪ ಮಂದವಾದ ದ್ರವ. ನೂರು ಕಿಲೊ ಒಳ್ಳೆಯ ಚೇಗಿನಿಂದ ಸಿಗುವುದು ನಾಲ್ಕಾರು ಕಿಲೊ. ಎಣ್ಣೆ ಬಿಟ್ಟ ಪುಡಿ ಊದುಬತ್ತಿಗೆ ಹೋಗುತ್ತದೆ, ಅದನ್ನೂ ಎಸೆಯುವುದಿಲ್ಲ. ಸಾಬೂನಿಗೆ ಸೇರುವಾಗ ಗಂಧದೆಣ್ಣೆಯ ಜೊತೆ ಪಚೋಲಿ, ಲಾವಂಚ, ಕಿತ್ತಳೆ, ಜೆರೇನಿಯಂ, ಪಾಮರೋಸಾ ತೈಲಗಳೂ ಸೇರುತ್ತವೆ. ಅವುಗಳಲ್ಲಿ ಕೆಲವು ಬೇಗ ಆರಿಹೋಗುವ ಪರಿಮಳಗಳು. ಅವನ್ನು ಹಿಡಿದಿಟ್ಟುಕೊಂಡು, ಸಾಬೂನು ಸವೆದು ಬಿಲ್ಲೆಯಾದ ಮೇಲೂ ಉಳಿಯುವುದು ಗಂಧ. ಮೈಸೂರು ಸ್ಯಾಂಡಲ್ ಬಳಸುವ ಮನೆಗಳಲ್ಲಿ ಬಚ್ಚಲಿನ ಕಿಟಕಿಯ ಮೇಲೆ ಇಟ್ಟ ತೆಳ್ಳನೆಯ ಬಿಲ್ಲೆಗೂ ವಾಸನೆ ಇರುತ್ತದಲ್ಲ, ಅದು ಈ ಎಣ್ಣೆಯ ಕೆಲಸ.

ಇಲ್ಲಿಯೇ ಪ್ರಲೋಭನೆಯೂ ಇದೆ. ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ ಗಂಧದ ವಾಸನೆಯನ್ನು ಹೋಲುವ ಕೃತಕ ವಸ್ತುಗಳನ್ನು ಕೊಟ್ಟಿತು. ಅವುಗಳ ಬೆಲೆ ನಿಜವಾದ ಎಣ್ಣೆಯ ಬೆಲೆಯ ಹತ್ತಿರವೂ ಸುಳಿಯುವುದಿಲ್ಲ. ಗಿರಾಕಿಯ ಮೂಗಿಗೆ ವ್ಯತ್ಯಾಸ ತಕ್ಷಣ ಗೊತ್ತಾಗದು. ಎಣ್ಣೆಯ ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಹೋದರೆ ವರ್ಷಗಟ್ಟಲೆ ಯಾರೂ ಕೇಳಲಾರರು, ಲಾಭ ಮಾತ್ರ ಆ ವರ್ಷವೇ ಹೆಚ್ಚುತ್ತದೆ. ಹಾಲಿಗೆ ನೀರು ಬೆರೆಸುವವನ ಮನೆಯ ಮೊದಲ ತಿಂಗಳ ಹಾಗೆ, ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹೆಸರು ಕೆಡುವುದು ಒಂದು ದಿನದಲ್ಲಲ್ಲ, ಕೆಟ್ಟದ್ದು ಗೊತ್ತಾಗುವುದು ಮಾತ್ರ ಒಂದು ದಿನದಲ್ಲಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಂಧದೆಣ್ಣೆಯ ಆಲ್ಫಾ ಸ್ಯಾಂಟಲಾಲ್ ಶೇಕಡ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇಕಡ 16ರಿಂದ 24 ಇರಬೇಕೆಂದಿದೆ. ಎಣ್ಣೆ ಅಪ್ಪಟವೋ ಅಲ್ಲವೋ ಎಂದು ಇಂದು ಯಂತ್ರ ಹೇಳಬಲ್ಲದು. ಆದರೆ ಅಂಗಡಿಯಲ್ಲಿ ಸಾಬೂನು ಕೊಳ್ಳುವ ಗೃಹಿಣಿಯ ಕೈಯಲ್ಲಿ ಆ ಯಂತ್ರವಿಲ್ಲ. ಅವರಿಗಿರುವುದು ಡಬ್ಬಿಯ ಮೇಲಿನ ಶರಭ ಮಾತ್ರ.

ಇನ್ನು ಮರದ ವಿಚಾರ. ಸಂಸ್ಥೆಯ ಚರಿತ್ರೆಗಳಲ್ಲಿ ಇದನ್ನು ಒಂದು ಪ್ಯಾರಾದಲ್ಲಿ ಮುಗಿಸುವುದು ರೂಢಿ. ನನಗೆ ಅದು ಸರಿ ಕಾಣದು, ಏಕೆಂದರೆ ಈ ಸಂಸ್ಥೆಗೆ ಎದುರಾದ ಅತಿ ದೊಡ್ಡ ಅಪಾಯ ಪೈಪೋಟಿಯಿಂದ ಬಂದದ್ದಲ್ಲ, ಬೇಲಿಯಿಂದ ಬಂದದ್ದು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹೊಲದ ಬೇಲಿಸಾಲಿನಲ್ಲಿ ಗಂಧ ತಾನಾಗಿ ಹುಟ್ಟುತ್ತದೆ. ಹಕ್ಕಿ ಹಣ್ಣು ತಿಂದು ಬೀಜ ಉದುರಿಸುತ್ತದೆ, ಲಂಟಾನದ ನೆರಳಿನಲ್ಲಿ ಸಸಿ ತಲೆಯೆತ್ತುತ್ತದೆ. ಅದು ಅರೆ ಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಆಹಾರ ಹೀರಿಕೊಳ್ಳುತ್ತದೆ. ಹಾಗಾಗಿ ಬೇಲಿ ಅದಕ್ಕೆ ಹೇಳಿಮಾಡಿಸಿದ ಜಾಗ. ಆದರೆ ಆ ಸಸಿಯನ್ನು ಕಂಡ ರೈತ ಖುಷಿಪಡುತ್ತಿರಲಿಲ್ಲ. ಮರ ಬೆಳೆದರೆ ಅದು ಸರ್ಕಾರದ್ದು. ಕಾಯುವ ಹೊಣೆ ತನ್ನದು. ಕಳ್ಳರು ಕಡಿದೊಯ್ದರೆ ಫಾರೆಸ್ಟಿನವರು ಮೊದಲು ಬಂದು ಕೇಳುವುದು ತನ್ನನ್ನೇ. ಮರ ಒಣಗಿದರೂ ತಾನಾಗಿ ಕೀಳುವಂತಿಲ್ಲ; ಅರ್ಜಿ ಹಾಕಿ, ಸರ್ಕಾರ ಕೊಡುವ ಪಾಲಿಗೆ ಕಾಯಬೇಕು. ಇಷ್ಟೆಲ್ಲ ಉಸಾಬರಿ ಯಾರಿಗೆ ಬೇಕೆಂದು ಎರಡೆಲೆ ಇದ್ದಾಗಲೇ ಚಿವುಟಿ ಎಸೆಯುತ್ತಿದ್ದರು. ಹೀಗೆ ನಾಡಿನ ಅತ್ಯಂತ ಬೆಲೆಬಾಳುವ ಮರವನ್ನು ನಾಡಿನವರೇ ಹುಟ್ಟಿದಲ್ಲಿಯೇ ಕೊಂದರು. ತಪ್ಪು ಅವರದಲ್ಲ, ಕಾನೂನಿನದು.

ಈ ಕಾನೂನಿನಿಂದ ಮೊದಲ ಲಾಭ ಪಡೆದದ್ದು ಎಣ್ಣೆ ಕಾರ್ಖಾನೆಗಳೇ. ಕಚ್ಚಾ ಸಾಮಗ್ರಿ ಪೂರ್ತಿ ಸರ್ಕಾರದ ಕೈಯಲ್ಲಿದ್ದಾಗ ಸರ್ಕಾರಿ ಕಾರ್ಖಾನೆಗೆ ಕೊರತೆ ಎಲ್ಲಿಯದು? ಆ ಭರವಸೆಯಲ್ಲಿ ದಶಕಗಳು ಕಳೆದವು. ಕಾಡಿನ ಮರ ಕರಗುತ್ತಿದ್ದಾಗ ಹೊಸದಾಗಿ ಬೆಳೆಸುವವರು ಇರಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ ಎಲೆಗಳನ್ನು ಸೂಜಿಯಂತೆ ಸಣ್ಣಗಾಗಿಸಿ, ಎರಡು ಮೂರು ವರ್ಷದಲ್ಲಿ ಮರವನ್ನು ಒಣಗಿಸುತ್ತದೆ. ಅದಕ್ಕೆ ಇಂದಿಗೂ ಖಚಿತವಾದ ಮದ್ದಿಲ್ಲ. ಅದರ ಮೇಲೆ ಕಳ್ಳಸಾಗಣೆ. ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಅದು ಎಷ್ಟು ಜೀವಗಳನ್ನು ತೆಗೆದುಕೊಂಡಿತೆಂಬುದನ್ನು ನಮ್ಮ ತಲೆಮಾರಿನವರಿಗೆ ಹೇಳಬೇಕಾಗಿಲ್ಲ. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಶ್ರೀಗಂಧ ಸಿಗುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಅದು ಅರ್ಧಕ್ಕಿಳಿದು, ಮುಂದಿನ ಕೆಲವೇ ವರ್ಷಗಳಲ್ಲಿ ನೂರರ ಲೆಕ್ಕಕ್ಕೆ ಬಂತು. 1998ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಈ ಮರವನ್ನು ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯದ ವಾಯವ್ಯ ಮೂಲೆಯ ಕನನುರಾದಲ್ಲಿ ನಮ್ಮದೇ ಜಾತಿಯ ಶ್ರೀಗಂಧವನ್ನು ತೋಟ ತೋಟವಾಗಿ ನೆಡುತ್ತಿದ್ದರು.

ಕರ್ನಾಟಕ ಕಾನೂನು ಬದಲಿಸಿದ್ದು 2001ರಲ್ಲಿ. ಹೊಲದಲ್ಲಿ ಬೆಳೆದ ಗಂಧ ಹೊಲದವನದೇ ಎಂದಾಯಿತು. ಇಷ್ಟು ಸರಳವಾದ ಮಾತನ್ನು ಹೇಳಲು ಟಿಪ್ಪುವಿನ ಕಾಲದಿಂದ ಎರಡು ಶತಮಾನ ಬೇಕಾಯಿತು. ಸಂಸ್ಥೆ ರೈತರಿಗೆ ಸಸಿ ಕೊಟ್ಟು, ಬೆಳೆಸುವ ಬಗೆ ತಿಳಿಸಿ, ಬೆಳೆದದ್ದನ್ನು ಕೊಳ್ಳುವ ಕಾರ್ಯಕ್ರಮವನ್ನು ಆಮೇಲೆ ಹಮ್ಮಿಕೊಂಡಿತು. ಆದರೆ ಅಷ್ಟರಲ್ಲಿ ಕೊರತೆ ಮನೆ ಹೊಕ್ಕಿತ್ತು. ‘ಶ್ರೀಗಂಧದ ತವರಿನಿಂದ’ ಎಂದು ಅಚ್ಚು ಹಾಕುವ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಕೇರಳದ ಇಡುಕ್ಕಿ ಜಿಲ್ಲೆಯ ಮರಯೂರಿನ ಹರಾಜಿಗೆ ಹೋಗಿ ಮರ ಕೊಳ್ಳುತ್ತಿದೆ, ಅಲ್ಲಿನ ದೊಡ್ಡ ಗಿರಾಕಿಗಳಲ್ಲಿ ಒಂದಾಗಿದೆ. ಮರಯೂರಿನ ಗಂಧ ಒಳ್ಳೆಯದು, ಕೊಂಡದ್ದರಲ್ಲಿ ತಪ್ಪೇನಿಲ್ಲ. ಎಣ್ಣೆ ತಗ್ಗಿಸುವ ಬದಲು ಹೊರಗೆ ಹೋಗಿ ಬೆಲೆ ತೆತ್ತು ತಂದದ್ದು ಸಂಸ್ಥೆಯ ಮರ್ಯಾದೆಯನ್ನು ಉಳಿಸಿದೆ. ಆದರೂ ಆ ಖರೀದಿಯ ರಸೀದಿ ನಮ್ಮ ಅರಣ್ಯ ನೀತಿಯ ಮೇಲೆ ಬರೆದ ಟೀಕೆಯೂ ಹೌದು.

ಈ ನಡುವೆ ಸಂಸ್ಥೆಯ ರೂಪ ಬದಲಾಗಿತ್ತು. 1980ರಲ್ಲಿ ಸಾಬೂನು ಕಾರ್ಖಾನೆ, ಮೈಸೂರು ಮತ್ತು ಶಿವಮೊಗ್ಗದ ಎಣ್ಣೆ ಕಾರ್ಖಾನೆಗಳು ಒಂದಾಗಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ನಿಯಮಿತವಾಯಿತು. ಇಲಾಖೆಯೊಂದು ಕಂಪನಿಯಾದಾಗ ಸಿಗಬೇಕಾದ ಸ್ವಾತಂತ್ರ್ಯ ಕಾಗದದ ಮೇಲೆ ಸಿಕ್ಕಿತು. ಆದರೆ ಮಾರುಕಟ್ಟೆ ಅಷ್ಟರಲ್ಲಿ ಬೇರೆಯಾಗುತ್ತಿತ್ತು. 1980ರ ದಶಕದ ನಡುವೆ ವಿಪ್ರೊ ಕಂಪನಿ ಗಂಧ ಮತ್ತು ಅರಿಸಿನದ ಹೆಸರು ಹೇಳಿ ಸಂತೂರ್ ಸಾಬೂನನ್ನು ಬಿಟ್ಟಿತು. ಬೆಲೆ ಕಡಿಮೆ, ಜಾಹೀರಾತು ಜೋರು, ಆಂಧ್ರದ ಊರೂರಿಗೆ ತಲುಪುವ ವಿತರಣೆ. ಆಂಧ್ರವೇ ಮೈಸೂರು ಸ್ಯಾಂಡಲ್‌ನ ದೊಡ್ಡ ನೆಲೆಯೂ ಆಗಿತ್ತು. ಉದಾರೀಕರಣದ ನಂತರ ಬಹುರಾಷ್ಟ್ರೀಯ ಕಂಪನಿಗಳ ಒತ್ತಡ ಇನ್ನೂ ಹೆಚ್ಚಿತು. ತಯಾರಿಸುವ ವಿಭಾಗಕ್ಕೂ ಮಾರುವ ವಿಭಾಗಕ್ಕೂ ಹೊಂದಾಣಿಕೆ ಇರಲಿಲ್ಲ. ಅಂಗಡಿಯವನು ಕೇಳಿದ್ದು ಸಿಗದೆ, ಸಿಕ್ಕಿದ್ದು ಬೇಡವಾಗಿ, 1990ರ ದಶಕದ ಮೊದಲಲ್ಲಿ ಸಂಸ್ಥೆ ನಷ್ಟದಲ್ಲಿ ಮುಳುಗಿ, ರೋಗಗ್ರಸ್ತ ಉದ್ಯಮಗಳ ಪುನಶ್ಚೇತನ ಮಂಡಳಿಯಾದ ಬಿಐಎಫ್‌ಆರ್ ಬಾಗಿಲಿಗೆ ಹೋಯಿತು.

ಆ ವರ್ಷಗಳ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರೋಗಗ್ರಸ್ತವೆಂದು ಹಣೆಪಟ್ಟಿ ಬಿದ್ದ ಸರ್ಕಾರಿ ಉದ್ಯಮಗಳು ಬಹುಪಾಲು ಮುಚ್ಚಿದವು. ಇದು ಮುಚ್ಚಲಿಲ್ಲ. ಪುನಶ್ಚೇತನ ಯೋಜನೆಯ ಸಾಲವನ್ನು ತೀರಿಸಿ 2003ರ ಹೊತ್ತಿಗೆ ತನ್ನ ಕಾಲ ಮೇಲೆ ನಿಂತಿತು. ವೆಚ್ಚ ಕಡಿತ, ಕಾರ್ಮಿಕರ ಸಹಕಾರ, ಮಾರಾಟದ ಶಿಸ್ತು ಎಲ್ಲವೂ ನೆರವಾದವು. ಆದರೆ ಕಾರಣಗಳಿಗೆಲ್ಲ ಬುಡದಲ್ಲಿದ್ದ ಕಾರಣ, ಕೆಟ್ಟ ಕಾಲದಲ್ಲೂ ಸಾಬೂನು ಕೆಟ್ಟಿರಲಿಲ್ಲ ಎಂಬುದು. ಲೆಕ್ಕಪತ್ರದಲ್ಲಿ ಸಂಸ್ಥೆ ಸೋತಿತ್ತು, ಬಚ್ಚಲುಮನೆಯಲ್ಲಿ ಸೋತಿರಲಿಲ್ಲ. ಹಬ್ಬಕ್ಕೆ, ಬಾಣಂತಿಗೆ, ಮದುವೆಯ ಬೀಗರ ಉಪಚಾರಕ್ಕೆ ಜನ ಅದನ್ನೇ ಕೊಳ್ಳುತ್ತಿದ್ದರು. ಅಂಗಡಿಗೆ ಸಾಬೂನು ಮತ್ತೆ ಸರಿಯಾಗಿ ಬರತೊಡಗಿದಾಗ ಗಿರಾಕಿ ಅಲ್ಲಿಯೇ ಕಾದಿದ್ದ. ಎಣ್ಣೆಯಲ್ಲಿ ಉಳಿತಾಯ ಮಾಡಿ ಆ ನಷ್ಟವನ್ನು ಮುಚ್ಚಿಕೊಂಡಿದ್ದರೆ ಹಿಂತಿರುಗಿ ಬರಲು ದಾರಿಯೇ ಇರುತ್ತಿರಲಿಲ್ಲ.

ಚೇತರಿಸಿಕೊಂಡ ಮೇಲೆ ಹೊಸ ಅವಕಾಶಗಳು ಬಂದವು. ಮೈಸೂರು ಸ್ಯಾಂಡಲ್ ಸಾಬೂನಿಗೂ ಮೈಸೂರು ಗಂಧದೆಣ್ಣೆಗೂ ಭೌಗೋಳಿಕ ಗುರುತು ಸಿಕ್ಕಿತು. 2006ರಲ್ಲಿ ಮಹೇಂದ್ರ ಸಿಂಗ್ ಧೋನಿ ರಾಯಭಾರಿಯಾದರು. 2012ರಲ್ಲಿ ಬಂದ ಮಿಲೇನಿಯಂ ಸಾಬೂನಿನ ಒಂದು ಬಿಲ್ಲೆಗೆ ಆಗ 720 ರೂಪಾಯಿ ಇತ್ತು. ಅಷ್ಟು ಬೆಲೆಗೆ ಯಾರು ಕೊಳ್ಳುತ್ತಾರೆಂದು ಹಲವರು ಕೇಳಿದರು. ಆದರೆ ಅದು ಸರಿಯಾದ ದಿಕ್ಕಿನ ಯೋಚನೆ. ಎಣ್ಣೆ ಕಡಿಮೆ ಇರುವಾಗ, ಕಡಿಮೆ ಸಾಬೂನಿಗೆ ಹೆಚ್ಚು ಎಣ್ಣೆ ಹಾಕಿ ಹೆಚ್ಚು ಬೆಲೆಗೆ ಮಾರುವುದು ಹೆಸರನ್ನು ಉಳಿಸುವ ವ್ಯಾಪಾರ.

ಹೆಸರಿಗೆ ಬೆಲೆ ಬಂದಾಗ ಕಳ್ಳನೂ ಬರುತ್ತಾನೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿತ್ತು. ವಶವಾದ ಮಾಲಿನ ಬೆಲೆ ಸುಮಾರು 2 ಕೋಟಿ ರೂಪಾಯಿ ಎಂದು ಸರ್ಕಾರ ಹೇಳಿತು. ಡಬ್ಬಿ, ಶರಭ, ಹೂಬಳ್ಳಿ ಎಲ್ಲವನ್ನೂ ನಕಲು ಮಾಡಿದ್ದರು. ಸಂಸ್ಥೆಯವರೇ ಜಾಡು ಹಿಡಿದು ಪೊಲೀಸರಿಗೆ ತಿಳಿಸಿದ್ದು ಮೆಚ್ಚಬೇಕಾದ ಕೆಲಸ. ಅದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿದ್ದು ಅದಕ್ಕಿಂತ ದೊಡ್ಡ ಕೆಲಸ. ನಕಲಿ ಮಾಲು ಇದೆಯೆಂದರೆ ಮಾರಾಟ ಬೀಳುತ್ತದೆಂದು ಹೆದರಿ ಸುಮ್ಮನಿರುವ ಕಂಪನಿಗಳು ಬಹಳ.

ಇಷ್ಟು ಹೇಳಿದ ಮೇಲೆ 2023ರ ಮಾರ್ಚ್ ತಿಂಗಳನ್ನು ಬಿಡಲಾಗದು. ಸಂಸ್ಥೆಗೆ ರಾಸಾಯನಿಕ ಪೂರೈಸುವ ಗುತ್ತಿಗೆಗೆ ಸಂಬಂಧಿಸಿದ ಲಂಚದ ಆರೋಪದ ಮೇಲೆ ಲೋಕಾಯುಕ್ತ ಪೊಲೀಸರು ದಾಳಿ ನಡೆಸಿದರು. ಆಗಿನ ಅಧ್ಯಕ್ಷರು ಹುದ್ದೆ ಬಿಟ್ಟರು. ವಿಚಾರ ನ್ಯಾಯಾಲಯಕ್ಕೆ ಹೋಯಿತು, ತಪ್ಪು ಒಪ್ಪು ಹೇಳುವುದು ಅದರ ಕೆಲಸ. ಸಂಸ್ಥೆಯ ಈ ಸ್ಮರಣ ಸಂಚಿಕೆಯಲ್ಲಿ ಇದು ಏಕೆ ಎಂದು ಕೇಳುವವರಿರಬಹುದು. ಆ ದಿನ ಸುದ್ದಿ ಕೇಳಿ ಹೆಚ್ಚು ನೊಂದವರು ಹಬೆಪಾತ್ರೆಯ ಬಳಿ, ಸಾಬೂನಿನ ಸಾಲಿನಲ್ಲಿ ವರ್ಷಗಟ್ಟಲೆ ದುಡಿದ ನೌಕರರು ಎಂಬುದೇ ನನ್ನ ಉತ್ತರ. ಒಂದು ಹಿಡಿ ಗಂಧದ ಪುಡಿಯನ್ನೂ ತೂಗಿ ಲೆಕ್ಕ ಬರೆದಿಡುವ ಪರಂಪರೆಯ ಸಂಸ್ಥೆಯಲ್ಲಿ, ಟೆಂಡರಿನ ಕಡತಕ್ಕೂ ಅದೇ ಕಣ್ಣು ಬೇಕು. ಕಲಬೆರಕೆ ಸಾಬೂನಿನಲ್ಲಿ ಮಾತ್ರ ಆಗುವುದಲ್ಲ. ರಾಜಕೀಯ ನೇಮಕದ ಅಧ್ಯಕ್ಷಗಿರಿಯ ಪದ್ಧತಿಯೇ ಇಂಥ ಸಂಸ್ಥೆಗಳಿಗೆ ತಕ್ಕದ್ದೇ ಎಂಬುದನ್ನು ಸರ್ಕಾರ ಈಗಲಾದರೂ ಯೋಚಿಸಬೇಕು.

ವಿಶೇಷವೆಂದರೆ, ಆ ಕಹಿಯ ಬೆನ್ನಿಗೇ ವಹಿವಾಟು ಏರಿತು. 2023–24ರಲ್ಲಿ 1,500 ಕೋಟಿ ರೂಪಾಯಿ ದಾಟಿತು. 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷದ ಅವಧಿಗೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕನ್ನಡದ ಕಲಾವಿದೆಯರಿಲ್ಲವೇ ಎಂದು ಕೇಳಿದರು. ಸಂಸ್ಥೆ ಕರ್ನಾಟಕದಾಚೆ ಬೆಳೆಯಬೇಕು, 2028ರ ಹೊತ್ತಿಗೆ ವಾರ್ಷಿಕ ವಹಿವಾಟನ್ನು 5,000 ಕೋಟಿಗೆ ಒಯ್ಯಬೇಕು, ಅದಕ್ಕಾಗಿ ಈ ಆಯ್ಕೆ ಎಂದು ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು ವಿವರಿಸಿದರು. ಕೇಳಿದವರ ಅಭಿಮಾನ ನಿಜವಾದದ್ದು. ಜನ ತಮ್ಮದೆಂದು ಭಾವಿಸದ ಸಂಸ್ಥೆಯ ಬಗ್ಗೆ ಯಾರೂ ಜಗಳಕ್ಕೆ ಬರುವುದಿಲ್ಲ. ಸಚಿವರ ವಾದದಲ್ಲೂ ಹುರುಳಿದೆ. ಕರಾಚಿಯಲ್ಲಿ ಒಂಟೆ ಹೊರಡಿಸಿದ ಹಿರಿಯರು ಮೈಸೂರಿನ ಆಚೆಯ ಗಿರಾಕಿಯನ್ನೇ ಹುಡುಕಿಕೊಂಡು ಹೋಗಿದ್ದರು.

ನನ್ನ ಕಳವಳ ಮುಖದ ಬಗ್ಗೆ ಅಲ್ಲ, ಆ 5,000 ಕೋಟಿಯ ಬಗ್ಗೆ. ಗಂಧದ ಮರಕ್ಕೆ ಹತ್ತು ಹದಿನೈದು ವರ್ಷ ತುಂಬಿದ ಮೇಲೆ ಚೇಗು ಕಟ್ಟಲು ಶುರುವಾಗುತ್ತದೆ. ಒಳ್ಳೆಯ ಎಣ್ಣೆ ಬೇಕಾದರೆ ಮೂವತ್ತು ವರ್ಷದ ಹತ್ತಿರ ಕಾಯಬೇಕು. ಮೂರು ವರ್ಷದಲ್ಲಿ ವಹಿವಾಟು ಮೂರು ಪಟ್ಟಾಗಬಹುದು, ಚೇಗು ಮೂರು ಪಟ್ಟಾಗದು. ಬೆಳವಣಿಗೆಯ ದೊಡ್ಡ ಪಾಲು ಗಂಧವಿಲ್ಲದ ಸಾಮಾನಿನಿಂದ, ಅಂದರೆ ಡಿಟರ್ಜೆಂಟ್, ಕೈತೊಳೆಯುವ ದ್ರವ ಇತ್ಯಾದಿಗಳಿಂದ ಬಂದರೆ ಒಳ್ಳೆಯದೇ. ಆದರೆ ಅವುಗಳನ್ನೂ ಗಂಧದ ಹೆಸರಿನ ಬೆನ್ನಿಗೆ ಕಟ್ಟಿ ಮಾರಿದರೆ, ನೂರು ವರ್ಷ ಕೂಡಿಟ್ಟದ್ದನ್ನು ಮೂರು ವರ್ಷದ ಗುರಿಗೆ ಖರ್ಚು ಮಾಡಿದಂತಾಗುತ್ತದೆ. ಯಾವ ಸಾಮಾನಿಗೆ ಶರಭವಿರಬೇಕು, ಯಾವುದಕ್ಕೆ ಬೇರೆ ಹೆಸರಿರಬೇಕು ಎಂದು ಆಡಳಿತ ಮಂಡಳಿ ಈಗಲೇ ಗೆರೆ ಎಳೆಯುವುದು ಒಳ್ಳೆಯದು.

ಇತ್ತೀಚೆಗೆ ಬಯಲುಸೀಮೆಯ ಕೆಲವು ತಾಲ್ಲೂಕುಗಳಲ್ಲಿ ರೈತರು ಗಂಧ ಹಾಕಿದ್ದಾರೆ. ಮೊದಲ ವರ್ಷ ಪ್ರತಿ ಸಸಿಯ ಪಕ್ಕದಲ್ಲಿ ತೊಗರಿ ಬಿತ್ತುತ್ತಾರೆ, ಸಸಿಯ ಬೇರು ಅದನ್ನು ಹಿಡಿಯಲಿ ಎಂದು. ಆಮೇಲೆ ಸಾಲಿನ ನಡುವೆ ಸರ್ವೆ, ಹೊಂಗೆ. ಸುತ್ತ ತಂತಿಬೇಲಿ, ಕೆಲವರದು ಕ್ಯಾಮೆರಾ ಕೂಡ. ಅವರಿಗಿರುವ ಭಯ ಎರಡು. ಹನ್ನೆರಡನೆಯ ವರ್ಷ ಕಳ್ಳರು ಬಂದು ಬೇರುಸಹಿತ ಒಯ್ದರೆ ಏನು ಗತಿ? ಮರ ಕಟಾವಿಗೆ ಬಂದಾಗ ಅರ್ಜಿ ಹಿಡಿದು ಅರಣ್ಯ ಇಲಾಖೆಯ ಕಚೇರಿ ಅಲೆಯಬೇಕಾದರೆ ಏನು ಗತಿ? ಮೊದಲನೆಯದಕ್ಕೆ ಪೊಲೀಸರೂ ವಿಮೆಯವರೂ ಉತ್ತರಿಸಬೇಕು. ಎರಡನೆಯದಕ್ಕೆ ಸರ್ಕಾರವೂ ಸಂಸ್ಥೆಯೂ ಸೇರಿ ಇಂದೇ ಉತ್ತರ ಕೊಡಬಹುದು: ಕಟಾವಿಗೆ ಬಂದ ಮರವನ್ನು ಇಂತಿಷ್ಟು ದಿನದೊಳಗೆ, ಈ ದರ್ಜೆಗೆ ಈ ಬೆಲೆಯಂತೆ, ತೋಟದಲ್ಲಿಯೇ ತೂಕ ಹಾಕಿ ಕೊಳ್ಳುತ್ತೇವೆ ಎಂಬ ಬರವಣಿಗೆಯ ಒಪ್ಪಂದದಿಂದ. ಬೇಲಿಯ ಸಸಿಯನ್ನು ಚಿವುಟಿದ ಕೈಗಳಿಗೆ ನಂಬಿಕೆ ಹುಟ್ಟಬೇಕಾದರೆ ಅಂಥ ಒಂದು ಕಾಗದ ಬೇಕು.

ಈ ಸಂಚಿಕೆಯ ಕೊನೆಯಲ್ಲಿ ವರ್ಷವಾರು ವಹಿವಾಟಿನ ಕೋಷ್ಟಕ ಇರುತ್ತದೆ. ಮುಂದಿನ ವಾರ್ಷಿಕ ವರದಿಯಿಂದಲೇ ಅದರ ಪಕ್ಕದಲ್ಲಿ ಇನ್ನೂ ಮೂರು ಅಂಕಣಗಳು ಸೇರಲಿ ಎಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ: ಆ ವರ್ಷ ಕೊಂಡ ಚೇಗು ಎಷ್ಟು ಟನ್, ಎಲ್ಲಿಂದ; ಇಳಿಸಿದ ಎಣ್ಣೆ ಎಷ್ಟು ಕಿಲೊ; ರೈತರ ಹೊಲದಲ್ಲಿ ಒಪ್ಪಂದದ ಮೇಲೆ ನಿಂತಿರುವ ಮರಗಳು ಎಷ್ಟು, ಎಷ್ಟು ವಯಸ್ಸಿನವು.